ನೋವು ಬಂದ ರಾತ್ರಿ ದುಡ್ಡಿನ ಮಾತು

ನಮ್ಮ ದೊಡ್ಡಮ್ಮನ ಮಗಳಿಗೆ ಹೆರಿಗೆ ನೋವು ಶುರುವಾದಾಗ ರಾತ್ರಿ ಹನ್ನೊಂದು ದಾಟಿತ್ತು. ಬಟ್ಟೆಯ ಚೀಲ ತಯಾರಿತ್ತು. ತಾಯಿ ಕಾರ್ಡು ದೇವರ ಫೋಟೋದ ಹಿಂದೆ ಜೋಪಾನವಾಗಿತ್ತು. ಆಸ್ಪತ್ರೆಗೆ ಅರ್ಧ ಗಂಟೆ ದಾರಿ. ಆದರೆ ಭಾವ ಮೊದಲು ಓಡಿದ್ದು ಪಕ್ಕದ ಮನೆಗೆ. ಬಾಗಿಲು ತಟ್ಟಿ ಎಬ್ಬಿಸಿ, "ಅಣ್ಣ, ಒಂದು ಮೂರು ಸಾವಿರ ಇದ್ರೆ ಕೊಡು, ಕಾಯಿ ಮಾರಿದ ತಕ್ಷಣ ಕೊಡ್ತೀನಿ" ಅಂದರು. ಅಲ್ಲಿ ಸಿಕ್ಕಿದ್ದು ಎಂಟು ನೂರು. ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ. ಹೊರಡುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿತ್ತು.

ಅದು ಸರ್ಕಾರಿ ಆಸ್ಪತ್ರೆ. ಹೆರಿಗೆ ಉಚಿತ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಹಾಗಿದ್ದರೂ ದುಡ್ಡು ಯಾಕೆ? ಊರಲ್ಲಿ ಎಲ್ಲರಿಗೂ ಒಂದು ಲೆಕ್ಕ ಗೊತ್ತಿತ್ತು. ಗಂಡು ಮಗು ಆದರೆ ಇಷ್ಟು, ಹೆಣ್ಣಾದರೆ ಇಷ್ಟು, ಹೊರಗಡೆಯಿಂದ ಔಷಧಿ ತರಲು ಚೀಟಿ ಕೊಟ್ಟರೆ ಇಷ್ಟು. ಅಕ್ಕ ಬದುಕಿದಳು, ಮಗುವೂ ಚೆನ್ನಾಗಿದೆ. ಆದರೆ ಆ ಮುಕ್ಕಾಲು ಗಂಟೆ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಆರೋಗ್ಯಕ್ಕೆ ಹಣ ಹೊಂದಿಸುವುದು ಅಂದ ಕೂಡಲೇ ನಮಗೆ ಬಜೆಟ್ಟು, ಶೇಕಡಾವಾರು, ವಿಶ್ವಬ್ಯಾಂಕು ನೆನಪಾಗುತ್ತವೆ. ನಮಗೆ ಸಂಬಂಧವಿಲ್ಲದ ದೊಡ್ಡವರ ಮಾತು ಅನ್ನಿಸುತ್ತದೆ. ಆದರೆ ಆ ರಾತ್ರಿ ಭಾವ ತಟ್ಟಿದ ಮೂರು ಬಾಗಿಲು ಇದೇ ವಿಷಯಕ್ಕೆ ಸೇರಿದ್ದು. ದೇಶ ಎಷ್ಟು ಖರ್ಚು ಮಾಡುತ್ತದೆ ಎಂಬುದು ಮುಖ್ಯ, ನಿಜ. ಆ ಹಣವನ್ನು ಯಾವ ಹೊತ್ತಿನಲ್ಲಿ ಯಾರ ಕೈಯಿಂದ ಕೇಳುತ್ತೇವೆ, ಯಾರಿಗೆ, ಯಾವ ಕೆಲಸಕ್ಕೆಂದು ಕೊಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಇದನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿವೆ. ಕೆಲವು ಗೆದ್ದಿವೆ, ಕೆಲವು ಎಡವಿವೆ.

ಮೊದಲು ಕಷ್ಟ ಎಷ್ಟು ದೊಡ್ಡದು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು, ಹೆರಿಗೆ, ಬಾಣಂತನದ ತೊಂದರೆಗಳಿಂದ ಸುಮಾರು 2 ಲಕ್ಷ 60 ಸಾವಿರ ಹೆಣ್ಣುಮಕ್ಕಳು ಸತ್ತರು. ಅಂದರೆ ಎರಡು ನಿಮಿಷಕ್ಕೆ ಒಬ್ಬರು. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸಾವು ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲೇ ಆಗಿವೆ. ಕಾರಣಗಳು ಹೊಸವಲ್ಲ. ವಿಪರೀತ ರಕ್ತಸ್ರಾವ, ಬಿಪಿ ಏರಿ ಬರುವ ಫಿಟ್ಸ್, ನಂಜು, ಮಗು ಅಡ್ಡ ಸಿಕ್ಕಿಕೊಳ್ಳುವುದು, ಅಸುರಕ್ಷಿತ ಗರ್ಭಪಾತ. ಇವಕ್ಕೆ ಚಿಕಿತ್ಸೆ ದಶಕಗಳಿಂದ ಗೊತ್ತಿದೆ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್, ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಎರಡೂ ಅಗ್ಗದ ಔಷಧಿಗಳು.

ಮದ್ದು ಅಗ್ಗ, ಗೊತ್ತಿರುವ ಕಾಯಿಲೆ. ಹಾಗಿದ್ದರೆ ಸಾವು ಯಾಕೆ?

1994ರಲ್ಲಿ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು ಇದಕ್ಕೆ ಬಹಳ ಸರಳವಾದ ಉತ್ತರ ಕೊಟ್ಟರು. ಬಾಣಂತಿಯನ್ನು ಕೊಲ್ಲುವುದು ತಡ ಅಂದರು. ಮೂರು ತಡಗಳು. ಮನೆಯಿಂದ ಹೊರಡೋಣ ಎಂದು ತೀರ್ಮಾನಿಸುವುದರಲ್ಲಿ ಮೊದಲ ತಡ. ಆಸ್ಪತ್ರೆ ತಲುಪುವುದರಲ್ಲಿ ಎರಡನೆಯದು. ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ಮೂರನೆಯದು. ಹೆರಿಗೆಯ ನಂತರ ಜೋರಾಗಿ ರಕ್ತ ಹೋಗಲು ಶುರುವಾದರೆ ಒಂದೆರಡು ಗಂಟೆಯಲ್ಲೇ ಜೀವ ಹೋಗಬಹುದು. ಹಾಗಾಗಿ ಒಂದೊಂದು ತಡವೂ ನಿಮಿಷಗಳ ಲೆಕ್ಕ. ಮೂರರ ಹಿಂದೆಯೂ ಸ್ವಲ್ಪ ಕೆದಕಿ ನೋಡಿದರೆ ದುಡ್ಡು ಕೂತಿರುತ್ತದೆ.

ಇಲ್ಲಿ ಒಂದು ಮಾತು ನಮ್ಮ ಊರಿನದೇ ಹೇಳುತ್ತೇನೆ. ಮದುವೆ ಮನೆಯಲ್ಲಿ ಮುಯ್ಯಿ ಮಾಡುತ್ತೇವೆ, ಅಲ್ವಾ? ನನಗೆ ಖರ್ಚಿಲ್ಲದ ಹೊತ್ತಿನಲ್ಲಿ ನಿಮ್ಮ ಮನೆ ಮದುವೆಗೆ ನಾನು ಸ್ವಲ್ಪ ಕೊಡುತ್ತೇನೆ. ನಮ್ಮ ಮನೆಯಲ್ಲಿ ದೊಡ್ಡ ಖರ್ಚು ಬಂದಾಗ ಊರೆಲ್ಲ ಸೇರಿ ಭಾರ ಹೊರುತ್ತದೆ. ಆರೋಗ್ಯದ ಹಣದ ವ್ಯವಸ್ಥೆಯೂ ತಳದಲ್ಲಿ ಇಷ್ಟೇ. ಎಲ್ಲರಿಂದ ಮೊದಲೇ ಕೂಡಿಸಬೇಕು. ಕೂಡಿಸಿದ್ದನ್ನು ಒಂದೇ ಕಡೆ ಇಡಬೇಕು. ಬೇಕಾದವರಿಗೆ ಬೇಕಾದಾಗ ಸೇವೆ ಸಿಗುವಂತೆ ಅದನ್ನು ಖರ್ಚು ಮಾಡಬೇಕು. ತೆರಿಗೆಯಿಂದ ಕೂಡಿಸಬಹುದು, ವಿಮೆಯಿಂದ ಕೂಡಿಸಬಹುದು, ಹೊರದೇಶದ ನೆರವಿನಿಂದಲೂ ಬರಬಹುದು. ಈ ಮೂರೂ ಇಲ್ಲದ ಕಡೆ ಉಳಿಯುವುದು ಒಂದೇ ದಾರಿ. ಕಾಯಿಲೆ ಬಂದವರೇ, ಬಂದ ಹೊತ್ತಿನಲ್ಲೇ, ಜೇಬಿನಿಂದ ಕೊಡಬೇಕು. ಮುಯ್ಯಿ ಇಲ್ಲದ ಮದುವೆಯ ಹಾಗೆ, ಎಲ್ಲವೂ ಒಂದೇ ಮನೆಯ ತಲೆ ಮೇಲೆ.

ಭಾರತದಲ್ಲಿ 2013-14ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇಕಡಾ 64.2ರಷ್ಟು ಜನರ ಜೇಬಿನಿಂದಲೇ ಹೋಗುತ್ತಿತ್ತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಅದು 39.4ಕ್ಕೆ ಇಳಿದಿದೆ. ಒಳ್ಳೆಯ ಇಳಿಕೆ. ಆದರೂ ನೂರರಲ್ಲಿ ನಲವತ್ತು ರೂಪಾಯಿ ಹತ್ತಿರ ಅಂದರೆ ಸಣ್ಣ ಮಾತಲ್ಲ.

ಜೇಬಿನಿಂದಲೇ ಕೊಡಲಿ ಎನ್ನುವುದು ಒಂದು ಕಾಲದಲ್ಲಿ ಉದ್ದೇಶಪೂರ್ವಕವಾಗಿಯೇ ತಂದ ನೀತಿ. 1980ರ ದಶಕದಲ್ಲಿ ಆಫ್ರಿಕಾದ ಬಹಳಷ್ಟು ದೇಶಗಳು ಸಾಲದಲ್ಲಿ ಮುಳುಗಿದ್ದವು. ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಸಂಬಳ ಇಲ್ಲ. 1987ರಲ್ಲಿ ವಿಶ್ವಬ್ಯಾಂಕು ರೋಗಿಗಳಿಂದ ಶುಲ್ಕ ವಸೂಲು ಮಾಡಿ ಎಂದು ಸಲಹೆ ಕೊಟ್ಟಿತು. ಅದೇ ವರ್ಷ ಮಾಲಿ ದೇಶದ ಬಮಾಕೋದಲ್ಲಿ ಆಫ್ರಿಕಾದ ಆರೋಗ್ಯ ಮಂತ್ರಿಗಳು ಸೇರಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಗಿದ್ದವು. ಹಳ್ಳಿಯ ಆಸ್ಪತ್ರೆ ಔಷಧಿಗೆ ಸಣ್ಣ ಶುಲ್ಕ ತೆಗೆದುಕೊಳ್ಳಲಿ, ಆ ದುಡ್ಡಿನಿಂದಲೇ ಮತ್ತೆ ಔಷಧಿ ತರಲಿ, ಲೆಕ್ಕ ಊರಿನವರ ಕೈಯಲ್ಲಿರಲಿ ಎನ್ನುವುದು ಯೋಚನೆ. ಕೆಟ್ಟ ಉದ್ದೇಶದಿಂದ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಕೆಲವು ಕಡೆ ಖಾಲಿ ಕಪಾಟಿಗೆ ಔಷಧಿ ಬಂದದ್ದೂ ಉಂಟು.

ಆದರೆ ಶುಲ್ಕ ಕೇಳುವ ಹೊತ್ತು ತಪ್ಪಾಗಿತ್ತು. ಹೆರಿಗೆ ಸುಗ್ಗಿ ನೋಡಿಕೊಂಡು ಬರುವುದಿಲ್ಲ. ಬಿತ್ತನೆಗೆ ಕೈಯಲ್ಲಿದ್ದದ್ದೆಲ್ಲ ಹಾಕಿ ಮನೆ ಬರಿದಾದಾಗಲೂ ಬರುತ್ತದೆ. ಸಿಸೇರಿಯನ್ ಬೇಕಾದರೆ ಎಷ್ಟು ಆಗುತ್ತದೋ ಮೊದಲೇ ಗೊತ್ತಿರುವುದಿಲ್ಲ. ಬಡವರಿಗೆ ವಿನಾಯಿತಿ ಎಂದು ಕಾಗದದಲ್ಲಿತ್ತು. ಆದರೆ ಶುಲ್ಕದಿಂದಲೇ ನಡೆಯುವ ಆಸ್ಪತ್ರೆ ವಿನಾಯಿತಿ ಕೊಟ್ಟಷ್ಟೂ ತಾನೇ ಸೊರಗುತ್ತದೆ. ಯಾರು ಕೊಡುತ್ತಾರೆ? ಜನ ಮನೆಯಲ್ಲೇ ಕಾದರು. ಮೊದಲ ತಡ ಉದ್ದವಾಯಿತು.

ಹೆತ್ತ ಮೇಲೂ ಕಷ್ಟ ಮುಗಿಯುತ್ತಿರಲಿಲ್ಲ. ಬಿಲ್ ಕಟ್ಟಲಿಲ್ಲ ಎಂದು ಬಾಣಂತಿಯನ್ನೂ ಕೂಸನ್ನೂ ಆಸ್ಪತ್ರೆಯಲ್ಲೇ ಕೂಡಿಹಾಕುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆಯಿತು. ಕೆನ್ಯಾದಲ್ಲಿ ಹೀಗೆ ಕೂಡಿಹಾಕಿದ್ದು ನ್ಯಾಯಾಲಯಕ್ಕೆ ಹೋಯಿತು. ಅದು ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಅಲ್ಲಿನ ಹೈಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ಹೆತ್ತ ಮರುದಿನ, ಎದೆಹಾಲು ಕುಡಿಸುತ್ತಾ, ಮನೆಗೆ ಹೋಗಲಾಗದೆ ಕೂತ ತಾಯಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಶುಲ್ಕ ತೆಗೆದುಬಿಟ್ಟರೆ ಆಯಿತಲ್ಲ? ಸಿಯೆರಾ ಲಿಯೋನ್ ಅದನ್ನೇ ಮಾಡಿತು. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ. ಹನ್ನೊಂದು ವರ್ಷದ ಅಂತರ್ಯುದ್ಧ ಮುಗಿದಿದ್ದು 2002ರಲ್ಲಿ. 2000ರ ಹೊತ್ತಿಗೆ ಅಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸಾವಿರಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಲೋಕದಲ್ಲೇ ಅತಿ ಕೆಟ್ಟ ಸ್ಥಿತಿಗಳಲ್ಲಿ ಅದೂ ಒಂದು. 2010ರ ಏಪ್ರಿಲ್ 27, ಅವರ ಸ್ವಾತಂತ್ರ್ಯ ದಿನ, ಅಧ್ಯಕ್ಷ ಅರ್ನೆಸ್ಟ್ ಬಾಯ್ ಕೊರೋಮಾ ಅವರ ಸರ್ಕಾರ ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಎಲ್ಲ ಶುಲ್ಕ ಮನ್ನಾ ಮಾಡಿತು. ಆಸ್ಪತ್ರೆಗಳ ಮುಂದೆ ಜನರ ಸಾಲು ನಿಂತಿತು.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಘೋಷಣೆಗಿಂತ ಅದರ ಹಿಂದಿನ ತಿಂಗಳುಗಳು. ರೋಗಿಯಿಂದ ಬರುತ್ತಿದ್ದ ಕಾಸೇ ಎಷ್ಟೋ ಸಿಬ್ಬಂದಿಯ ಬದುಕಾಗಿತ್ತು. ಅದನ್ನು ನಿಲ್ಲಿಸಿದರೆ ಅವರು ಏನು ತಿನ್ನಬೇಕು? ಮಾರ್ಚಿನಲ್ಲಿ ವೈದ್ಯರು, ನರ್ಸುಗಳು ಮುಷ್ಕರ ಹೂಡಿದರು. ಸರ್ಕಾರ ಸಂಬಳ ಏರಿಸಿತು. ಬ್ರಿಟನ್ ಸರ್ಕಾರ ಮತ್ತು ಗ್ಲೋಬಲ್ ಫಂಡ್ ಎಂಬ ಅಂತರರಾಷ್ಟ್ರೀಯ ನೆರವು ನಿಧಿ ಅದಕ್ಕೆ ನೆರವಾದವು. ಸಂಬಳದ ಪಟ್ಟಿಯನ್ನು ಜಾಲಾಡಿ, ಹೆಸರಿದ್ದು ಆಳಿಲ್ಲದವರನ್ನು ತೆಗೆದುಹಾಕಿದರು. ಔಷಧಿ ತರಿಸಿದರು. ಶುಲ್ಕ ರದ್ದು ಅಂದರೆ ಒಂದು ಆದಾಯವನ್ನು ಇನ್ನೊಂದು ಆದಾಯದಿಂದ ತುಂಬುವುದು. ಇದನ್ನು ಮರೆತ ಕಡೆಯೆಲ್ಲ "ಉಚಿತ" ಎನ್ನುವುದು ಗೋಡೆ ಬರಹವಾಗಿ ಉಳಿಯುತ್ತದೆ. ಶುಲ್ಕ ಮುಂಬಾಗಿಲಿನಿಂದ ಹೋಗಿ ಹಿಂಬಾಗಿಲಿನಿಂದ ಲಂಚವಾಗಿ ಬರುತ್ತದೆ. ಸಿಯೆರಾ ಲಿಯೋನ್‌ನಲ್ಲೂ ಔಷಧಿ ಆಗಾಗ ಮುಗಿದುಹೋಗುತ್ತಿತ್ತು, ಕೆಲವು ಕಡೆ ಕೈ ಬಿಸಿ ಮಾಡುವುದೂ ನಿಲ್ಲಲಿಲ್ಲ. ಮೇಲಿಂದ 2014ರಲ್ಲಿ ಎಬೋಲಾ ಬಂತು. ಇನ್ನೂರಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿ ಅದರಲ್ಲಿ ತೀರಿಕೊಂಡರು. ಅಷ್ಟೆಲ್ಲ ಆದ ಮೇಲೂ 2020ರ ಅಂದಾಜು ಲಕ್ಷಕ್ಕೆ 443. ಇನ್ನೂ ಬಹಳ ಜಾಸ್ತಿಯೇ. ಆದರೆ ಎಲ್ಲಿಂದ ಎಲ್ಲಿಗೆ ಬಂದರು ನೋಡಿ.

ರುವಾಂಡಾ ಹಿಡಿದ ದಾರಿ ಬೇರೆ. 1994ರ ನರಮೇಧದ ನಂತರ ಆ ದೇಶದಲ್ಲಿ ಏನೂ ಉಳಿದಿರಲಿಲ್ಲ. 1996ರಲ್ಲಿ ಶುಲ್ಕ ಮತ್ತೆ ತಂದಾಗ ಜನ ಆಸ್ಪತ್ರೆಗೆ ಬರುವುದೇ ಕಡಿಮೆಯಾಯಿತು. 1999ರಲ್ಲಿ ಮೂರು ಜಿಲ್ಲೆಗಳಲ್ಲಿ ಊರಿನ ಮಟ್ಟದ ಆರೋಗ್ಯ ವಿಮೆ ಶುರುಮಾಡಿದರು. ಮ್ಯೂಚುಯೆಲ್ ಅಂತ ಹೆಸರು. ವರ್ಷಕ್ಕೊಮ್ಮೆ ತಲೆಗಿಷ್ಟು ಕಟ್ಟಬೇಕು. ಮುಯ್ಯಿಯ ಲೆಕ್ಕವೇ.

ಯಾರು ಎಷ್ಟು ಕಟ್ಟಬೇಕು ಎನ್ನುವುದನ್ನು ತೀರ್ಮಾನಿಸಿದ ರೀತಿ ನನಗೆ ಬಹಳ ಹಿಡಿಸಿತು. ಅಲ್ಲಿ ಉಬುದೆಹೆ ಎನ್ನುವ ಹಳೆಯ ಪದ್ಧತಿ ಇದೆ. ಮಳೆಗೆ ಮುಂಚೆ ಊರವರೆಲ್ಲ ಸೇರಿ ಒಬ್ಬೊಬ್ಬರ ಹೊಲ ಅಗೆದುಕೊಡುವುದು. ನಮ್ಮ ಮುಯ್ಯಾಳಿನ ಹಾಗೆ. ಅದೇ ಹೆಸರಿನಲ್ಲಿ ಊರವರು ಕೂತು, ಯಾವ ಮನೆ ಎಷ್ಟು ಬಡತನದಲ್ಲಿದೆ ಎಂದು ವಿಂಗಡಿಸಿದರು. 2011ರಿಂದ ಅದರ ಆಧಾರದ ಮೇಲೆ ತಲಾ 2,000, 3,000, 7,000 ರುವಾಂಡಾ ಫ್ರಾಂಕ್ ಎಂದು ವಂತಿಗೆ ನಿಗದಿಯಾಯಿತು. ಕಡುಬಡವರ ಪಾಲನ್ನು ಸರ್ಕಾರ ಮತ್ತು ನೆರವು ಸಂಸ್ಥೆಗಳು ಕಟ್ಟಿದವು.

ಇದು ಹಣ ಕೂಡಿಸುವ ಬದಿ. ಖರ್ಚು ಮಾಡುವ ಬದಿಯಲ್ಲೂ ರುವಾಂಡಾ ಹೊಸದೊಂದು ಮಾಡಿತು. ಆರೋಗ್ಯ ಕೇಂದ್ರಕ್ಕೆ ವರ್ಷಕ್ಕಿಷ್ಟು ಎಂದು ಸುಮ್ನೆ ಕೊಡುವುದರ ಜೊತೆಗೆ, ಮಾಡಿದ ಕೆಲಸಕ್ಕೆ ಇಷ್ಟು ಎಂದು ಕೊಡತೊಡಗಿತು. ಕೇಂದ್ರದಲ್ಲಿ ಒಂದು ಹೆರಿಗೆ ಆದರೆ 4.59 ಡಾಲರ್. ಬಸುರಿ ಮೊದಲ ಸಲ ತಪಾಸಣೆಗೆ ಬಂದರೆ 0.09 ಡಾಲರ್. ಮಗುವಿಗೆ ಎಲ್ಲ ಲಸಿಕೆ ಪೂರ್ತಿಯಾದರೆ 0.92. ಗುಣಮಟ್ಟದ ಅಂಕ ಕಡಿಮೆ ಇದ್ದರೆ ಈ ದುಡ್ಡಿನಲ್ಲೂ ಕಡಿತ.

ಇದರಿಂದ ಏನಾಯಿತು ಎಂದು 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅದರ ಜಾಣತನ ಎಲ್ಲಿದೆ ಅಂದರೆ, ಹೋಲಿಕೆಗೆ ತೆಗೆದುಕೊಂಡ ಇತರ ಕೇಂದ್ರಗಳಿಗೂ ಸರಾಸರಿ ಅಷ್ಟೇ ಹಣ ಕೊಟ್ಟಿದ್ದರು, ಕೆಲಸದ ಲೆಕ್ಕವಿಲ್ಲದೆ. ಅಂದರೆ ಎರಡೂ ಕಡೆ ದುಡ್ಡು ಒಂದೇ, ಕೊಡುವ ರೀತಿ ಮಾತ್ರ ಬೇರೆ. ಕೆಲಸದ ಲೆಕ್ಕದಲ್ಲಿ ಹಣ ಸಿಕ್ಕ ಕೇಂದ್ರಗಳಲ್ಲಿ ಹೆರಿಗೆಗಳು ಶೇಕಡಾ 23ರಷ್ಟು ಹೆಚ್ಚಿದವು. ಪುಟ್ಟ ಮಕ್ಕಳನ್ನು ತಪಾಸಣೆಗೆ ಕರೆತರುವುದೂ ಏರಿತು. ಆದರೆ ನಾಲ್ಕು ಸಲ ಬಸುರಿ ತಪಾಸಣೆ ಪೂರ್ತಿ ಮಾಡಿಸಿಕೊಂಡವರ ಪ್ರಮಾಣ ಏರಲಿಲ್ಲ. ಯಾಕಿರಬಹುದು? ಅದಕ್ಕೆ ಇಟ್ಟ ಬೆಲೆಯೇ ಬಹಳ ಕಡಿಮೆ. ಜೊತೆಗೆ ಅದು ಕೇಂದ್ರದ ಕೈಯಲ್ಲಿಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲೇ ಹೆಣ್ಣುಮಗಳು ತಾನಾಗಿ ಬರಬೇಕು. ದುಡ್ಡು ಎತ್ತ ತೋರಿಸುತ್ತದೋ ಸಿಬ್ಬಂದಿಯ ಗಮನ ಅತ್ತ ಹೋಗುತ್ತದೆ. ಇದು ಬಲವೂ ಹೌದು, ಅಪಾಯವೂ ಹೌದು. ಪಟ್ಟಿಯಲ್ಲಿ ಬೆಲೆ ಇಲ್ಲದ ಕೆಲಸ, ಉದಾಹರಣೆಗೆ ಹೆದರಿದ ಹುಡುಗಿಯ ಕೈ ಹಿಡಿದು ಧೈರ್ಯ ಹೇಳುವುದು, ಯಾರಿಗೂ ಬೇಡವಾಗಬಹುದು.

ರುವಾಂಡಾದಲ್ಲಿ ತಾಯಂದಿರ ಸಾವು 2000ದ ಸಮೀಕ್ಷೆಯಲ್ಲಿ ಲಕ್ಷಕ್ಕೆ 1,071 ಇತ್ತು. 2014-15ರಲ್ಲಿ 210. ಅಷ್ಟು ಹೊತ್ತಿಗೆ ಹತ್ತರಲ್ಲಿ ಒಂಬತ್ತು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಇದರ ಪುಣ್ಯ ಒಂದೇ ಯೋಜನೆಗೆ ಸೇರುವುದಿಲ್ಲ. ರಸ್ತೆ, ಊರೂರಿನ ಆರೋಗ್ಯ ಕಾರ್ಯಕರ್ತೆಯರು, ಹೊರಗಿನ ನೆರವು ಎಲ್ಲ ಸೇರಿದೆ.

ಈಗ ನಮ್ಮ ಮನೆಗೆ ಬರೋಣ. ಭಾರತ 2005ರ ಏಪ್ರಿಲ್‌ನಲ್ಲಿ ಜನನಿ ಸುರಕ್ಷಾ ಯೋಜನೆ ತಂದಿತು. ರುವಾಂಡಾ ಆಸ್ಪತ್ರೆಗೆ ಕೊಟ್ಟಿತು, ನಾವು ತಾಯಿಗೇ ಕೊಟ್ಟೆವು. ಆಸ್ಪತ್ರೆ ಹೆರಿಗೆ ಕಡಿಮೆ ಇದ್ದ ರಾಜ್ಯಗಳ ಹಳ್ಳಿಯ ತಾಯಿಗೆ 1,400 ರೂಪಾಯಿ. ಕರ್ನಾಟಕದಂಥ ಉಳಿದ ರಾಜ್ಯಗಳಲ್ಲಿ ಬಡ ಮತ್ತು ಪರಿಶಿಷ್ಟ ಕುಟುಂಬದ ಹಳ್ಳಿಯ ತಾಯಿಗೆ 700. ಕರೆದುಕೊಂಡು ಬರುವ ಆಶಾ ಕಾರ್ಯಕರ್ತೆಗೂ ಪ್ರೋತ್ಸಾಹಧನ. ಪರಿಣಾಮ ಕಣ್ಣಿಗೆ ಕಾಣುವಂತಿತ್ತು. 2005-06ರಲ್ಲಿ ದೇಶದ ಆಸ್ಪತ್ರೆ ಹೆರಿಗೆ ಶೇಕಡಾ 39ರಷ್ಟಿತ್ತು. 2019-21ರಲ್ಲಿ 88.6. ತಾಯಂದಿರ ಸಾವು 2004-06ರಲ್ಲಿ ಲಕ್ಷಕ್ಕೆ 254 ಇದ್ದದ್ದು 2019-21ರಲ್ಲಿ 93ಕ್ಕೆ ಇಳಿಯಿತು.

ಆದರೆ ಇಲ್ಲಿ ಎಚ್ಚರ ಬೇಕು. ಆಸ್ಪತ್ರೆಗೆ ಬಂದವರ ಸಂಖ್ಯೆ ಏರಿದಷ್ಟು ವೇಗವಾಗಿ ಸಾವು ಇಳಿಯಲಿಲ್ಲ. ತಾಯಿಗೆ ಕೊಟ್ಟ ದುಡ್ಡು ಮೊದಲ ತಡವನ್ನು ಕಡಿಮೆ ಮಾಡಿತು. ಅವಳು ಬಂದಳು. ಬಂದ ಕಡೆ ಒಂದೇ ಮಂಚದಲ್ಲಿ ಇಬ್ಬರು, ರಕ್ತ ಇಲ್ಲ, ಅರಿವಳಿಕೆ ವೈದ್ಯರು ಇಲ್ಲ. ಮೂರನೇ ತಡ ಹಾಗೇ ಉಳಿಯಿತು. ಜೊತೆಗೆ 1,400 ರೂಪಾಯಿಯಲ್ಲಿ ಹೆರಿಗೆಯ ಖರ್ಚು ಮುಗಿಯುತ್ತದಾ? ಅದು ಕೈಗೆ ಬರುವುದೂ ಹೆತ್ತ ಮೇಲೆ. ನೋವು ಬಂದ ರಾತ್ರಿ ಭಾವನ ಕೈಯಲ್ಲಿ ಅದು ಇರುವುದಿಲ್ಲ.

ಇದು ಅರಿವಾಗಿಯೇ 2011ರ ಜೂನ್‌ನಲ್ಲಿ, ಸರ್ಕಾರಿ ಆಸ್ಪತ್ರೆಯ ಹೆರಿಗೆಯನ್ನು ಪೂರ್ತಿ ಉಚಿತ ಮಾಡುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ನನ್ನ ಮಟ್ಟಿಗೆ ಇದು ನಗದಿಗಿಂತ ದೊಡ್ಡ ಹೆಜ್ಜೆ. ದುಡ್ಡು ಕೊಡುವ ಬದಲು ದುಡ್ಡು ಕೇಳುವುದನ್ನೇ ನಿಲ್ಲಿಸುವ ಮಾತು ಅದು. ಆದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರು ಒಂದು ಹೆರಿಗೆಗೆ ಜೇಬಿನಿಂದ ಸರಾಸರಿ 2,916 ರೂಪಾಯಿ ಖರ್ಚಾಯಿತು ಅಂದರು. ಭಾವ ಪಕ್ಕದ ಮನೆಯಲ್ಲಿ ಕೇಳಿದ್ದು ಮೂರು ಸಾವಿರ. ಊರಿನವರ ಬಾಯಿಲೆಕ್ಕ ದೇಶದ ಸಮೀಕ್ಷೆಗೆ ಎಷ್ಟು ಹತ್ತಿರ ಇದೆ!

ಖಾಸಗಿ ಆಸ್ಪತ್ರೆಗೆ ಬಂದರೆ ದುಡ್ಡಿನ ಕೈವಾಡ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಅದೇ ಸಮೀಕ್ಷೆಯ ಪ್ರಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆಯಲ್ಲಿ ಸಿಸೇರಿಯನ್ ಶೇಕಡಾ 14.3, ಖಾಸಗಿಯಲ್ಲಿ 47.4. ನಮ್ಮ ಹೆಣ್ಣುಮಕ್ಕಳ ಮೈ ಆಸ್ಪತ್ರೆಯ ಬೋರ್ಡು ನೋಡಿ ಬದಲಾಗುವುದಿಲ್ಲ. ಕೆಲವರು ತೊಂದರೆ ಇದ್ದೇ ಖಾಸಗಿಗೆ ಹೋಗುತ್ತಾರೆ, ಕೆಲವರು ತಾವಾಗಿಯೇ ಆಪರೇಷನ್ ಕೇಳುತ್ತಾರೆ, ಒಪ್ಪುತ್ತೇನೆ. ಅಷ್ಟರಿಂದ ಇಷ್ಟು ದೊಡ್ಡ ಅಂತರ ಹುಟ್ಟುವುದಿಲ್ಲ. ಮಾಡಿದ್ದಕ್ಕೆಲ್ಲ ಬಿಲ್ ಹಾಕುವ ಪದ್ಧತಿಯಲ್ಲಿ ಹೆಚ್ಚು ಮಾಡಿದರೆ ಹೆಚ್ಚು ಬರುತ್ತದೆ.

ಇದಕ್ಕೆ ಮದ್ದೆಂದು ಗುಜರಾತ್ ಚಿರಂಜೀವಿ ಯೋಜನೆ ಮಾಡಿತು. ಕರ್ನಾಟಕದ ತಾಯಿ ಭಾಗ್ಯವೂ ಅದೇ ಜಾಡಿನದು. ಬಡ ತಾಯಂದಿರ ನೂರು ಹೆರಿಗೆಗೆ ಒಟ್ಟು ಇಷ್ಟು ಎಂದು ಖಾಸಗಿ ವೈದ್ಯರ ಜೊತೆ ಒಪ್ಪಂದ. ಸಹಜ ಹೆರಿಗೆಯೋ ಸಿಸೇರಿಯನ್ನೋ, ಒಂದೇ ದರ. ಆಗ ಸುಮ್ಮನೆ ಕೊಯ್ಯುವ ಆಸೆ ಇರುವುದಿಲ್ಲ. ಆದರೆ ಹೊಸ ಆಸೆ ಹುಟ್ಟುತ್ತದೆ. ಕಷ್ಟದ ಕೇಸನ್ನು "ಜಿಲ್ಲಾಸ್ಪತ್ರೆಗೆ ಹೋಗಿ" ಎಂದು ಸಾಗಹಾಕುವುದು. ಚಿರಂಜೀವಿಯಿಂದ ಆಸ್ಪತ್ರೆ ಹೆರಿಗೆಯಲ್ಲಾಗಲಿ ಮನೆಯವರ ಖರ್ಚಿನಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎಂದು 2014ರಲ್ಲಿ ಬಂದ ಒಂದು ಅಧ್ಯಯನ ಹೇಳಿತು. ಹಣ ಕೊಡುವ ಯಾವ ರೀತಿಯೂ ಕಲ್ಮಶವಿಲ್ಲದ್ದಲ್ಲ. ಯಾವ ತಪ್ಪನ್ನು ಕಾವಲು ಕಾಯಬೇಕು ಎಂದು ಗೊತ್ತಿರಬೇಕು, ಅಷ್ಟೆ.

ಕಾವಲು ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ನಾವು 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ನೋಡಿದೆವು. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋಗಿದ್ದು ಅವರಿಗೆ ಡ್ರಿಪ್‌ನಲ್ಲಿ ಏರಿಸಿದ ದ್ರಾವಣದ ಮೇಲೆ. ಅದರ ಬಳಕೆಯನ್ನು ರಾಜ್ಯದಲ್ಲಿ ನಿಲ್ಲಿಸಲಾಯಿತು. ಆ ತಾಯಂದಿರು ಮನೆಯಿಂದ ಹೊರಟಿದ್ದರು, ಆಸ್ಪತ್ರೆ ತಲುಪಿದ್ದರು, ಆಪರೇಷನ್ನೂ ಆಗಿತ್ತು. ಔಷಧಿ ಖರೀದಿ, ಟೆಂಡರು, ಗುಣಮಟ್ಟದ ಪರೀಕ್ಷೆ ಇವೆಲ್ಲ ಒಣ ಕಚೇರಿ ಕೆಲಸ ಅನ್ನಿಸುತ್ತದೆ. ಆಕ್ಸಿಟೋಸಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಕರೆಂಟು ಹೋಗಿ ಹಾಳಾದರೆ ಇಂಜೆಕ್ಷನ್ ಕೊಟ್ಟೂ ರಕ್ತ ನಿಲ್ಲದಿರಬಹುದು. ಹಣದ ವ್ಯವಸ್ಥೆ ಅಂದರೆ ಆ ಫ್ರಿಜ್ಜೂ ಹೌದು.

ಕರ್ನಾಟಕದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ತಾಯಂದಿರ ಸಾವು 2004-06ರ 213ರಿಂದ 2019-21ಕ್ಕೆ 63ಕ್ಕೆ ಇಳಿದಿದೆ. ಆದರೂ ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. ಅದೇ ಹೊತ್ತಿಗೆ ಕೇರಳದಲ್ಲಿ 20. ಅಂದರೆ ಕರೆತರುವ ಕೆಲಸ ಬಹುಪಾಲು ಮುಗಿದಿದೆ. ಇನ್ನು ಹಣ ಹೋಗಬೇಕಾದ್ದು ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಗೆ, ರಕ್ತನಿಧಿಗೆ, ಅರಿವಳಿಕೆ ವೈದ್ಯರಿಗೆ.

ಮಕ್ಕಳ ವಿಷಯದಲ್ಲಿ ಹಣದ ಜಾಣತನ ಲಸಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. 2000ದಲ್ಲಿ ಶುರುವಾದ ಗಾವಿ ಎಂಬ ಒಕ್ಕೂಟ ಬಡ ದೇಶಗಳ ಬೇಡಿಕೆಯನ್ನು ಒಟ್ಟು ಸೇರಿಸಿ ಸಗಟಿನಲ್ಲಿ ಲಸಿಕೆ ಕೊಳ್ಳುತ್ತದೆ. ಐದು ಕಾಯಿಲೆ ತಡೆಯುವ ಪೆಂಟಾವ್ಯಾಲೆಂಟ್ ಡೋಸು ಮೂರು ಡಾಲರಿಗಿಂತ ಜಾಸ್ತಿ ಇದ್ದದ್ದು ಹೀಗೆಯೇ ಒಂದು ಡಾಲರ್ ಆಸುಪಾಸಿಗೆ ಇಳಿಯಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಂಥ ನಮ್ಮ ಕಂಪನಿಗಳು ಕಡಿಮೆ ದರದಲ್ಲಿ ತಯಾರಿಸಿದ್ದೂ ಇದಕ್ಕೆ ದೊಡ್ಡ ಕಾರಣ. ದೇಶದ ಆದಾಯ ಏರಿದ ಹಾಗೆ ಅದು ಕಟ್ಟುವ ಪಾಲೂ ಏರುತ್ತಾ ಹೋಗುತ್ತದೆ. ನೆರವು ಒಂದು ದಿನ ನಿಲ್ಲುತ್ತದೆ ಎಂದು ಮೊದಲೇ ತಿಳಿಸಿ ಕೊಡುವ ನೆರವು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ಕಡಿದುಹಾಕಿದಾಗ ಇದರ ಬೆಲೆ ಗೊತ್ತಾಯಿತು. ತಿಳಿಸದೆ ನಿಂತ ದುಡ್ಡಿಗೆ ಯಾವ ದೇಶವೂ ತಯಾರಿರಲಿಲ್ಲ.

ಇಷ್ಟೆಲ್ಲ ಯೋಜನೆ ನೋಡಿದ ಮೇಲೂ ನನ್ನ ಮನಸ್ಸು ಹೋಗುವುದು ಶ್ರೀಲಂಕಾದ ಕಡೆಗೆ. ಅಲ್ಲಿ ನಗದೂ ಇಲ್ಲ, ದರಪಟ್ಟಿಯೂ ಇಲ್ಲ. 1926ರಲ್ಲಿ ಕಲುತರದಲ್ಲಿ ಮೊದಲ ಆರೋಗ್ಯ ಘಟಕ ಶುರುವಾಯಿತು. ತರಬೇತಿ ಪಡೆದ ಸೂಲಗಿತ್ತಿಯರನ್ನು ಸರ್ಕಾರವೇ ಸಂಬಳ ಕೊಟ್ಟು ನೇಮಿಸಿತು. ಒಬ್ಬಾಕೆಗೆ ಸುಮಾರು ಮೂರು ಸಾವಿರ ಜನರ ಪ್ರದೇಶ. ಮನೆಮನೆಗೆ ಹೋಗಿ ಬಸುರಿಯರ ಹೆಸರು ಬರೆದುಕೊಳ್ಳುತ್ತಾಳೆ, ಹೆತ್ತ ಮೇಲೂ ಬರುತ್ತಾಳೆ. ಹಿಂದೆ ಉಚಿತ ಆಸ್ಪತ್ರೆ ಇದೆ, ಎಲ್ಲರಿಗೂ. 1930ರ ದಶಕದಲ್ಲಿ ಲಕ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದ ನಾಡು ಅದು. 2020ರ ಅಂದಾಜಿನಲ್ಲಿ ಮೂವತ್ತರ ಆಸುಪಾಸು. ಶ್ರೀಮಂತವಾದ ಮೇಲೆ ಮಾಡಿದ್ದಲ್ಲ. ಬಡತನದಲ್ಲೇ ಮಾಡಿದ್ದು.

ಆ ಸಂಬಳದ ಮಾತು ನಮ್ಮ ಆಶಾ ಅಕ್ಕಂದಿರಿಗೂ ತಟ್ಟುತ್ತದೆ. ಅವರು ಇವತ್ತಿಗೂ ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿಯರು. ಗೌರವಧನ, ಜೊತೆಗೆ ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ. 2025ರ ಜನವರಿ ಚಳಿಯಲ್ಲಿ ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10 ಸಾವಿರ ಖಾತ್ರಿ ಮಾಡುವ ಭರವಸೆ ಪಡೆದು ಎದ್ದರು. ನೋವು ಬಂದ ರಾತ್ರಿ ಊರಲ್ಲಿ ಮೊದಲು ಫೋನ್ ಹೋಗುವುದು ಇವರಿಗೇ.

ಕೊನೆಗೆ, ಮನೆಯಲ್ಲಿ ಬಸುರಿ ಇರುವವರು ಇಷ್ಟನ್ನು ನೆನಪಿಟ್ಟುಕೊಳ್ಳಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ ಮತ್ತು ಸಿಸೇರಿಯನ್ ಎರಡೂ ಉಚಿತ. ಔಷಧಿ, ಪರೀಕ್ಷೆ, ಬೇಕಾದರೆ ರಕ್ತ, ಇವಕ್ಕೂ ದುಡ್ಡು ಕೇಳುವಂತಿಲ್ಲ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟ ಕೊಡಬೇಕು. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಅಲ್ಲಿಗೆ, ಕೊನೆಗೆ ವಾಪಸ್ ಮನೆಗೆ ವಾಹನ ಉಚಿತ. ಒಂದು ವರ್ಷದೊಳಗಿನ ಕೂಸಿಗೆ ಹುಷಾರಿಲ್ಲದಿದ್ದರೂ ಇದೇ ಸೌಲಭ್ಯ. ಆಂಬುಲೆನ್ಸಿಗೆ 108, ಆರೋಗ್ಯ ಸಹಾಯವಾಣಿಗೆ 104. ಈ ಎರಡು ನಂಬರುಗಳನ್ನು ತಾಯಿ ಕಾರ್ಡಿನ ಹಿಂದೆ ದೊಡ್ಡದಾಗಿ ಬರೆದಿಡಿ. ನಮ್ಮ ಭಾವನಿಗೆ ಅವತ್ತು ಇದು ಯಾವುದೂ ಗೊತ್ತಿರಲಿಲ್ಲ.